ಗಿಳಿಯ ಹುಬ್ಬು

ಕಚೇರಿಯಲ್ಲಿ ಅವಳನ್ನು ಎಲ್ಲರೂ ಗಿಳಿ ಎಂದೇ ಕರೆಯುತ್ತಿದ್ದರು. ಯಾರ ದನಿಯನ್ನಾದರೂ ಎರಡು ಸಲ ಕೇಳಿದರೆ ಸಾಕು, ಮೂರನೆಯ ಸಲ ಅದು ಅವಳ ಗಂಟಲಿನಿಂದಲೇ ಹೊರಡುತ್ತಿತ್ತು. ಮುಖ್ಯಸ್ಥರು ಪ್ರತಿ ಮಾತಿನ ಬಾಲಕ್ಕೂ ಅಂಟಿಸುವ ‘ಆಯ್ತಾ?’ ಇದೆಯಲ್ಲ, ಅದನ್ನು ಅವರಿಗಿಂತ ಚೆನ್ನಾಗಿ ಅಂಟಿಸುತ್ತಿದ್ದವಳು ಗಿಳಿ.

ಅವಳ ಕೆಲಸ ಮಾತ್ರ ಬಾಯಿ ಮುಚ್ಚಿಕೊಂಡು ಮಾಡುವಂಥದ್ದು. ಆಸ್ಪತ್ರೆಗಳ ಬಾಗಿಲಲ್ಲಿ ಇಡಲು ಒಂದು ಯಂತ್ರ ತಯಾರಾಗುತ್ತಿತ್ತು. ಪರದೆ ಮುಟ್ಟಿದರೆ ಡಾಕ್ಟರ ಸರದಿಯ ಚೀಟಿ ಹೊರಗೆ ಬರುತ್ತದೆ. ಅದರ ಮಾದರಿಯ ಮುಂದೆ ಜನರನ್ನು ಒಬ್ಬೊಬ್ಬರಾಗಿ ಕೂರಿಸಿ, “ನೀವು ಹಿಂದೆ ಒಂದ್ಸಲ ಬಂದಿದ್ದೀರಿ, ಈಗ ಕಣ್ಣಿನ ಡಾಕ್ಟರನ್ನ ನೋಡ್ಬೇಕು, ಚೀಟಿ ತಗೊಳ್ಳಿ” ಎಂದು ಹೇಳಬೇಕು. ಆಮೇಲೆ ತುಟಿ ಹೊಲಿದುಕೊಂಡು ಎದುರಿಗೆ ಕೂತು, ಅವರು ಎಲ್ಲೆಲ್ಲಿ ತಡವರಿಸಿದರು ಎಂದು ಬರೆದುಕೊಳ್ಳಬೇಕು. ಸುಳಿವು ಕೊಡುವಂತಿಲ್ಲ. ಗಿಳಿ ತುಟಿ ಪಿಟಕ್ಕೆನ್ನಲಿಲ್ಲ. ಬಂದ ಹನ್ನೆರಡು ಜನರಲ್ಲಿ ಹನ್ನೆರಡೂ ಜನ, ನಡುವೆ ಹಲ್ಲು ಕಿರಿಯುತ್ತಿದ್ದ ದೊಡ್ಡ ಹಸಿರು ‘ಹೊಸ ಚೀಟಿ’ ಗುಂಡಿಯನ್ನು ಬಿಟ್ಟು, ಮೂಲೆಯಲ್ಲಿ ಮುದುಡಿ ಕೂತಿದ್ದ ಬೂದು ಗುಂಡಿಯನ್ನೇ ಒತ್ತಿದರು. ಹಳಬರು ಒತ್ತಬೇಕಾದದ್ದೂ ಅದನ್ನೇ.

ಮುಖ್ಯಸ್ಥರು ಹಿಗ್ಗಿ ಹೀರೇಕಾಯಿಯಾದರು. “ಮೂರು ಗಂಟೆಗೆ ಸಭೆ ಇದ್ದೇ ಇದೆಯಲ್ಲ. ಇನ್ನೂರು ಯಂತ್ರ ಮಾಡೋಕೆ ಅಲ್ಲೇ ಹೇಳ್ಬಿಡೋಣ. ನಿಮ್ಮ ಕೆಲಸ ಖಾಯಂ ಆಗೋ ಪತ್ರಾನೂ ಅಲ್ಲೇ ಕೊಟ್ಬಿಡ್ತೀನಿ, ಆಯ್ತಾ?”

ಆರು ತಿಂಗಳಿಂದ ಗಿಳಿ ಕತ್ತು ಚಾಚಿ ಕಾಯುತ್ತಿದ್ದದ್ದು ಆ ಪತ್ರಕ್ಕೇ.

ವರದಿಯ ಮೊದಲ ಪುಟಕ್ಕೆ ಒಂದು ಫೋಟೊ ಬೇಕಿತ್ತು. ಸಭೆಗೆಂದು ಹೊಲಿದ ಹೊಸ ಅಂಗಿ ಕೊಡಲು ಚಿಕ್ಕಮ್ಮ ಬಂದದ್ದೂ ಆಗಲೇ. ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದವಳು. ಈ ಯಂತ್ರಕ್ಕೆ ಹೆದರುವವಳಲ್ಲ. ಗಿಳಿ ಅವಳನ್ನೇ ಕೂರಿಸಿ ಕೆಲಸ ಹೇಳಿದಳು.

ಚಿಕ್ಕಮ್ಮನ ಬೆರಳು ಹಸಿರು ಗುಂಡಿಯತ್ತ ಹೋಯಿತು, ನಿಂತಿತು. ಮೂಲೆಗೆ ಹೋಯಿತು. ಮತ್ತೆ ಹಸಿರಿಗೆ, ಮತ್ತೆ ಮೂಲೆಗೆ. ಕಣ್ಣು ಮಾತ್ರ ಗಿಳಿಯ ಮೇಲೆ.

“ಪರದೆ ನೋಡು ಚಿಕ್ಕಮ್ಮ. ನನ್ನ ಮುಖ ಯಾಕೆ ನೋಡ್ತೀಯ?”

“ಉತ್ತರ ಅಲ್ಲೇ ಬರೆದಿದೆಯಲ್ಲೇ! ಹಸಿರಿನ ಹತ್ರ ಹೋದ್ರೆ ಹುಳಿ ಕಚ್ಚಿದ ಹಾಗೆ ಮೂತಿ ಮಾಡ್ತೀಯ. ಇಲ್ಲಿಗೆ ಬಂದ್ರೆ ಹುಬ್ಬು ಮೇಲಕ್ಕೆ. ನೋಡು, ಮೇಲೆ... ಕೆಳಗೆ... ಮೇಲೆ... ಅಯ್ಯೋ, ಗೊಂಬೆ ಆಡಿಸಿದ ಹಾಗಿದೆ ಕಣೇ!”

“ನಾನೇನೂ ಮಾಡಿಲ್ಲ!”

“ನೀನು ಮಾಡಿಲ್ಲ ಮರಿ, ನಿನ್ನ ಮುಖ ಮಾಡಿದೆ. ನನ್ನ ಗಿರಾಕಿಗಳೂ ಹಾಗೇ. ಬಾಯಲ್ಲಿ ‘ಚೆನ್ನಾಗಿದೆ’ ಅಂತಾರೆ. ನಾನು ಮುಖ ನೋಡ್ತೀನಿ, ತೋಳು ಬಿಚ್ಚಿ ಮತ್ತೆ ಹೊಲಿತೀನಿ.”

ಗಿಳಿ ತಟ್ಟನೆ ಕಂಪ್ಯೂಟರಿನತ್ತ ತಿರುಗಿದಳು. ಕೋಣೆಯ ಮೂಲೆಯ ಕ್ಯಾಮೆರಾ ಎಲ್ಲವನ್ನೂ ಹಿಡಿದಿಟ್ಟಿತ್ತು. ಹಳೆಯ ವಿಡಿಯೊಗಳನ್ನು ಓಡಿಸಿ ನೋಡಿದಳು. ಬಸ್ ಚಾಲಕ, ನಿವೃತ್ತ ಶಿಕ್ಷಕಿ, ಕ್ಷೌರಿಕ, ಒಬ್ಬೊಬ್ಬರೂ ಗುಂಡಿ ಒತ್ತುವ ಮುಂಚೆ ಒಮ್ಮೆ ತಲೆಯೆತ್ತಿ ಅವಳ ಮುಖ ನೋಡಿದ್ದರು. ಹನ್ನೆರಡು ಜನ ಓದಿದ್ದು ಪರದೆಯನ್ನಲ್ಲ, ಅವಳ ಹುಬ್ಬನ್ನು.

“ಈಗ ಹೇಳಿದ್ರೆ ಪತ್ರ ಹೋಯ್ತು,” ಎಂದಳು ಗಿಳಿ.

“ಹಾಗಾದ್ರೆ ಹೇಳ್ಬೇಡ. ಇನ್ನೂರು ಆಸ್ಪತ್ರೆಲೂ ಯಂತ್ರದ ಪಕ್ಕ ನೀನೇ ಹೋಗಿ ನಿಂತ್ಕೊ.”

ಮೂರಕ್ಕೆ ಸಭೆ ಸೇರಿತು. ಗಿಳಿ ವರದಿ ತೆರೆಯಲಿಲ್ಲ. ಒಂದು ವಿಡಿಯೊ ಹಾಕಿ, ಯಂತ್ರವೂ ಕೂತವರೂ ಕಾಣದಂತೆ ಅರ್ಧ ಪರದೆಗೆ ಕಾಗದ ಅಂಟಿಸಿದಳು. ಉಳಿದದ್ದು ಅವಳ ಮುಖ ಮಾತ್ರ.

“ಸರ್, ಬೆರಳು ಎಲ್ಲಿದೆ ಹೇಳಿ ನೋಡೋಣ.”

“ಇದೇನ್ರೀ ಆಟ?” ಎಂದ ಮುಖ್ಯಸ್ಥರು ಕಣ್ಣು ಕಿರಿದು ಮಾಡಿದರು. “ಉಹೂಂ, ಅದಲ್ಲ... ಅದೂ ಅಲ್ಲ... ಹಾಂ, ಅದೇ! ಒತ್ತಿ, ಒತ್ತಿ!”

ಕಾಗದ ತೆಗೆದಳು. ಬೆರಳು ಬೂದು ಗುಂಡಿಯ ಮೇಲಿತ್ತು.

ಮುಖ್ಯಸ್ಥರು ಕನ್ನಡಕ ಒರೆಸಿದರು, ಹಾಕಿಕೊಂಡರು, ಮತ್ತೆ ಒರೆಸಿದರು. ಕೊನೆಗೆ ಹೇಳಿದರು, “ಪ್ರತಿ ಯಂತ್ರಕ್ಕೂ ಒಂದೊಂದು ಜೊತೆ ಹುಬ್ಬು ಸೇರಿಸಿ ಕೊಡೋಕಂತೂ ಆಗಲ್ಲ. ಎಲ್ಲ ಮತ್ತೆ ಮಾಡಿ. ಯಂತ್ರ ಎರಡು ವಾರ ಮುಂದಕ್ಕೆ. ನಿಮ್ಮ ಪತ್ರಾನೂ. ಆಯ್ತಾ?”

ಈ ಸಲ ಗಿಳಿ ಬೀರುವಿನ ಹಿಂದೆ ಕೂತಳು. ದನಿಯಲ್ಲೂ ಹುಬ್ಬು ಏರಿಬಿಟ್ಟೀತೆಂದು, ರೈಲು ನಿಲ್ದಾಣದ ಪ್ರಕಟಣೆಯವಳ ದನಿಯನ್ನು ಎರವಲು ಪಡೆದಳು. ರೈಲು ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ ಎನ್ನುವ ದನಿ. “ದಯವಿಟ್ಟು ಗಮನಿಸಿ. ನೀವು ಹಿಂದೆ ಒಂದು ಸಲ ಬಂದಿದ್ದೀರಿ...” ಹೊಸ ಹನ್ನೆರಡು ಜನರಲ್ಲಿ ಒಂಬತ್ತು ಜನ ಹಸಿರು ಗುಂಡಿ ಒತ್ತಿ ದಾರಿ ತಪ್ಪಿದರು. ಬೂದು ಗುಂಡಿಯನ್ನು ಮೂಲೆಯಿಂದ ಎಬ್ಬಿಸಿ, ಮಧ್ಯಕ್ಕೆ ತಂದು, ‘ಹಿಂದೆ ಬಂದಿದ್ದೀರಾ?’ ಎಂದು ದಪ್ಪಕ್ಷರದಲ್ಲಿ ಬರೆದರು. ಇನ್ನೊಂದು ಹನ್ನೆರಡು ಜನರನ್ನು ಕೂರಿಸಿದರು. ಹನ್ನೊಂದು ಜನ ಗೆದ್ದರು.

“ಒಬ್ಬರು ಎಡವಿದ್ರು ಸರ್.”

“ಈಗ ನಂಬಿಕೆ ಬಂತು,” ಎಂದು ಮುಖ್ಯಸ್ಥರು ಪತ್ರ ಕೊಟ್ಟರು. ಗಿಳಿ ಏನೂ ಹೇಳುವ ಮುಂಚೆಯೇ, ಅವಳ ಮುಖ ನೋಡಿ, “ಪರವಾಗಿಲ್ಲ, ಗೊತ್ತಾಯ್ತು,” ಎಂದರು.

ಆ ಸಂಜೆ, ಪತ್ರ ಕೈಗೆ ಬರಲೆಂದು ತೆಗೆದಿಟ್ಟಿದ್ದ ಹೊಸ ಅಂಗಿ ತೊಟ್ಟು ಚಿಕ್ಕಮ್ಮನ ಅಂಗಡಿಯ ಕನ್ನಡಿಯ ಮುಂದೆ ನಿಂತಳು.

“ಹೇಗಿದೆಯೇ?”

“ದಯವಿಟ್ಟು ಗಮನಿಸಿ. ಅಂಗಿ ಬಹಳ ಚೆನ್ನಾಗಿದೆ,” ಎಂದಳು ಗಿಳಿ, ರೈಲು ನಿಲ್ದಾಣದ ದನಿಯಲ್ಲಿ.

ಚಿಕ್ಕಮ್ಮ ಕನ್ನಡಿಯನ್ನೊಮ್ಮೆ ನೋಡಿ, ಕತ್ತರಿ ಕೈಗೆತ್ತಿಕೊಂಡಳು. “ಬಿಚ್ಚು. ಎಡತೋಳು ಬಿಗಿ.”