ಒಂಬತ್ತು ದಿನದ ವಾಯಿದೆ

ರೇಖಾ ಪೆನ್ನು ಹಿಡಿದು ಕೂತಿದ್ದಳು. ಹಾಳೆಯ ಮೇಲೆ 'ಗೆ' ಎಂಬ ಒಂದಕ್ಷರ ಬಿಟ್ಟರೆ ಬೇರೇನೂ ಇರಲಿಲ್ಲ.

"ಬರಿ. ನಿನ್ನೆ ರಾತ್ರಿ ಕಳುವಾಯ್ತು ಅಂತ ಬರಿ," ಎಂದ ಅಣ್ಣಪ್ಪ. ಅವಳ ಸೋದರತ್ತೆಯ ಗಂಡ, ಪಂಚಾಯತಿ ಮೆಂಬರು. ಊರಿನಲ್ಲಿ ಯಾರ ಮನೆಗೆ ಬೆಂಕಿ ಬಿದ್ದರೂ ಮೊದಲು ಬಂದು ಕುರ್ಚಿ ಕೇಳುವವನು.

ಅಪ್ಪ ಲಿಂಗಪ್ಪ ಕಂಬಕ್ಕೊರಗಿ ನೆಲ ನೋಡುತ್ತಿದ್ದ.

ಕೋವಿ ಹೋದದ್ದು ನಿನ್ನೆಯಲ್ಲ, ಹೋದ ವಾರದ ಸೋಮವಾರ. ಅಜ್ಜನ ಕಾಲದಿಂದ ಬಂದ, ಬೆಳೆ ಕಾಯಲು ಲೈಸೆನ್ಸ್ ಇದ್ದ ಒಂಟಿ ನಳಿಗೆಯ ಕೋವಿ. ಅದನ್ನು ಶೇಂಗಾ ಗದ್ದೆಯ ಮಾಳದಲ್ಲಿ ನೇತುಹಾಕಿ ಅಪ್ಪ ಚಾ ಕುಡಿಯಲು ಮನೆಗೆ ಬಂದಿದ್ದ. ಆ ಕಾವಲು ಗುಡಿಸಲಿಗೆ ಬಾಗಿಲೂ ಇಲ್ಲ, ಚಿಲಕವೂ ಇಲ್ಲ. ತಿರುಗಿ ಹೋಗುವಷ್ಟರಲ್ಲಿ ಗೂಟ ಖಾಲಿ.

ಅವತ್ತೇ ರೇಖಾ ಹೇಳಿದ್ದಳು: "ಈಗಲೇ ಸ್ಟೇಷನ್ನಿಗೆ ಹೋಪ, ಅಪ್ಪ."

"ಲೈಸೆನ್ಸ್ ಹೋತದೆ. ಜಟಕನಿಗೆ ಹೇಳ್ವ. ಕದ್ದವ ಊರವನೇ ಆದ್ರೆ ಹೆದರಿ ತಂದಿಡ್ತ."

ಮಂಗಳವಾರ ಬೆಳಿಗ್ಗೆ ಊರು ಕಾಯುವ ದೈವ ಜಟಕನ ಕಲ್ಲಿನ ಮುಂದೆ ಕಾಯಿ ಇಟ್ಟು, ಒಂಬತ್ತು ದಿನದ ವಾಯಿದೆ ಹೇಳಿ ಬಂದರು. ಕೊಟ್ಟಿಗೆಯ ಕೊಡಪಾನ ಹೋದಾಗಲೂ, ಕಟ್ಟಿದ ಹೋರಿ ಹೋದಾಗಲೂ ಊರು ಮಾಡುವುದು ಇದನ್ನೇ. ಕೊಡಪಾನ ಸಿಕ್ಕಿದ್ದೂ ಉಂಟು. ಆದರೆ ಕದ್ದ ಕೊಡಪಾನದಿಂದ ಯಾರೂ ಸಾಯುವುದಿಲ್ಲ ಎಂಬುದು ಆ ಬೆಳಿಗ್ಗೆ ಯಾರ ತಲೆಗೂ ಹೊಳೆಯಲಿಲ್ಲ. ರೇಖಾಗೆ ಮಾತ್ರ ಹೊಳೆದಿತ್ತು. ಆದರೂ ಕಾಯಿಯ ತಟ್ಟೆ ಹಿಡಿದು ನಡೆದದ್ದು ಅವಳೇ. ಈಗ ಅವಳ ಸಿಟ್ಟಿನಲ್ಲಿ ಅರ್ಧ ತನ್ನ ಮೇಲಿನದೇ.

ಇವತ್ತು ಬುಧವಾರ, ಒಂಬತ್ತನೇ ದಿನ. ಬೆಳಿಗ್ಗೆ ಗೇರು ಪ್ಲಾಂಟೇಶನ್ನಿಗೆ ಒಣಗಿದ ದರಕೆಲೆ ಗುಡಿಸಿ ತರಲು ಹೋದ ಬಂಗಾರಿಯ ಕಾಲಿಗೆ ದಾರಿಗಡ್ಡ ಕಟ್ಟಿದ ತಂತಿ ಸಿಕ್ಕಿತು. ಹಂದಿಗೆಂದು ಯಾರೋ ಮರಕ್ಕೆ ಬಿಗಿದಿಟ್ಟ ಕೋವಿ ಸಿಡಿಯಿತು. ಮೊಣಕಾಲು ಮೊಣಕಾಲಾಗಿ ಉಳಿಯಲಿಲ್ಲ. ಒಣಗಿದ ಎಲೆಯ ಹೆಡಗೆಯ ಪಕ್ಕ ಅರ್ಧ ಗಂಟೆ ಕೂಗಿದಳಂತೆ. ಆಂಬುಲೆನ್ಸಿನಲ್ಲಿ ಅವಳ ತಮ್ಮ ಜೊತೆಗೆ ಹೋದ. ಗಂಡ, ಲಿಂಗಪ್ಪನ ಗದ್ದೆಯ ಆಳು ಜಟ್ಟನನ್ನು ಪೊಲೀಸರು ಅಲ್ಲೇ ನಿಲ್ಲಿಸಿಕೊಂಡರು. ಮರದಿಂದ ಬಿಚ್ಚಿದ ಕೋವಿಯ ನಂಬರು ಲಿಂಗಪ್ಪನದು.

"ಹೇಳಿದ ದಿನಕ್ಕೆ ಸರಿಯಾಗಿ ಸಿಕ್ತು," ಎಂದು ಅಪ್ಪ ಗೊಣಗಿದ.

ರೇಖಾ ತಲೆಯೆತ್ತಿದಳು. "ಎಂತ ಸಿಕ್ತು?"

"ಕೋವಿ."

"ಬಂಗಾರಕ್ಕನ ಕಾಲು ಯಾರು ತಂದಿಡ್ತ್ರು? ಅದಕ್ಕೂ ಒಂದು ಕಾಯಿ ಇಡ್ವನಾ?"

"ಬಾಯಿ ಮುಚ್ಚೇ," ಎಂದ ಅಣ್ಣಪ್ಪ. "ಕಾಲೇಜಿಗೆ ಕಳಿಸಿದ್ದು ಅಪ್ಪಂಗೆ ಬುದ್ಧಿ ಹೇಳುಕಾ? ಅರ್ಜಿ ಬರಿ. ಜೀಪು ಬರುದ್ರೊಳಗೆ ಕೈಯಲ್ಲಿ ಕಾಗದ ಇರ್ಬೇಕು."

"ನಿನ್ನೆ ರಾತ್ರಿ ಮಾಳದಲ್ಲಿ ಮಲಗಿದ್ದು ಯಾರು, ಮಾವ?"

ಅಣ್ಣಪ್ಪ ಬೇಲಿಯ ಕಡೆ ನೋಡಿದ. ಅವನಿಗೆ ಗೊತ್ತಿತ್ತು. ಕೋವಿ ಇಲ್ಲದ ಮೇಲೆ ಡಬ್ಬ ಬಡಿದು ಹಂದಿ ಓಡಿಸಲು ಎಂಟು ದಿನದಿಂದ ಲಿಂಗಪ್ಪ ಕಳಿಸುತ್ತಿದ್ದದ್ದು ಜಟ್ಟನನ್ನು. ಕೋವಿ ರಿಪೇರಿಗೆ ಹೋಗಿದೆ ಎಂದು ಜಟ್ಟನಿಗೆ ಹೇಳಿದ್ದರು.

"ನಿನ್ನೆ ಕಳುವಾಯ್ತು ಅಂತ ಬರೆದ್ರೆ ಕಳ್ಳ ಜಟ್ಟಣ್ಣನೇ ಆತ. ಕದ್ದು, ತಂತಿ ಕಟ್ಟಿ, ಹೆಂಡ್ತಿಗೇ ಹೊಡೆದವ. ಇದೇ ಅಲ್ದಾ ನಿಮ್ಮ ಲೆಕ್ಕ?"

"ಎರಡು ದಿನ ಕೂರಿಸಿ ಬಿಡ್ತ್ರು. ನಿನ್ನಪ್ಪಂಗೆ ಕೇಸಾದ್ರೆ?"

"ಆಗ್ಲಿ!" ಅವಳ ದನಿಗೆ ಕೊಟ್ಟಿಗೆಯ ಕರು ಕೂಡ ಎದ್ದು ನಿಂತಿತು. "ಸೋಮವಾರವೇ ಹೇಳಿದ್ರೆ ಪೊಲೀಸ್ರು ಊರು ಜಾಲಾಡ್ತಿದ್ರು. ಕದ್ದವ ಹೆದರಿ ಬಾವಿಗೆ ಎಸೀತಿದ್ದ. ಎಂತ ಇಲ್ದಿದ್ರೂ ದರಕಿಗೆ ಹೋಗುವವ್ರಿಗೆ ಕೋವಿ ಹೊರಗಿದೆ ಅಂತ ಗೊತ್ತಾಗ್ತಿತ್ತು. ನಾವು ಬಾಯಿ ಹೊಲಿದುಕೊಂಡು ಕೂತ್ವು. ಬಂಗಾರಕ್ಕ ದಿನಾ ನಮ್ಮ ಅಂಗಳ ದಾಟಿಯೇ ಹೋಗ್ತಿದ್ಲು, ಅಪ್ಪ. ನೀನೇ 'ಚಾ ಕುಡೀತ್ಯಾ' ಕೇಳ್ತಿದ್ದೆ."

ಲಿಂಗಪ್ಪ ಅಂಗಳದ ಕಡೆಯಿಂದ ಮುಖ ತಿರುಗಿಸಿದ.

ಅವಳು ಬಗ್ಗಿ ಬರೆದಳು. ಸೋಮವಾರ, ಸಂಜೆ ಐದರ ಸುಮಾರು. ಯಾಕೆ ದೂರು ಕೊಡಲಿಲ್ಲ ಎಂಬುದನ್ನೂ ಬಿಡದೆ ಬರೆದಳು. ಅಣ್ಣಪ್ಪ ಹಾಳೆ ಕಸಿದು ಹರಿದ. ಅವಳು ನೋಟ್‌ಬುಕ್ಕಿನಿಂದ ಇನ್ನೊಂದು ಹಾಳೆ ಕಿತ್ತಳು. ಈ ಸಲ ಶುರುವಿನಲ್ಲೇ 'ರೇಖಾ ಲಿಂಗಪ್ಪ ನಾಯ್ಕ ಆದ ನಾನು' ಎಂದು ಬರೆದು, ಕೆಳಗೆ ತಾನೇ ಸಹಿ ಹಾಕಿದಳು.

"ಅಪ್ಪನ ಮೇಲೆ ದೂರು ಕೊಡ್ತ್ಯನೇ?" ಲಿಂಗಪ್ಪನ ದನಿ ಒಡೆದಿತ್ತು.

"ಕೋವಿ ಕಳುವಾದದ್ದಕ್ಕೆ ಕೊಡ್ತೆ. ಒಂಬತ್ತು ದಿನ ತಡ ಆತು."

ಜೀಪು ಬೇಲಿಯ ಹತ್ತಿರ ನಿಂತಿತು. ಹಿಂದಿನ ಸೀಟಿನಲ್ಲಿ ಜಟ್ಟ. ಲುಂಗಿಯ ಮೇಲೆ ಹೆಂಡತಿಯ ರಕ್ತ ಒಣಗಿ ಕಪ್ಪಾಗಿತ್ತು. ರೇಖಾಳನ್ನು ಕಂಡು ಕತ್ತು ಮುಂದೆ ಚಾಚಿದ. "ತಂಗಿ, ಇವ್ರು ಎಂತೆಂತವೋ ಕೇಳ್ತ್ರು. ನೀನಾದ್ರೂ ಹೇಳು. ಕೋವಿ ರಿಪೇರಿಗೆ ಹೋಗಿತ್ತಲ್ದಾ?"

"ಯಜಮಾನ್ರು ಯಾರು? ಕೋವಿ ಯಾವಾಗ ಹೋದದ್ದು?" ಎಂದು ಪೊಲೀಸಿನವ ಇಳಿಯುತ್ತ ಕೇಳಿದ.

"ನಿನ್ನೆ—" ಎಂದ ಅಣ್ಣಪ್ಪ ಹಿಂದಿನಿಂದ.

"ಸೋಮವಾರ," ಎಂದಳು ರೇಖಾ. ಕಾಗದವನ್ನು ಪೊಲೀಸಿನವನ ಕೈಗೇ ಕೊಟ್ಟಳು. "ಈ ಸೋಮವಾರ ಅಲ್ಲ. ಹೋದ ವಾರದ್ದು."