ಕೊನೆಯ ಕಂತಿನ ಬೆನ್ನು

ತನ್ನ ಬೆನ್ನಿಗೆ ಸಭೆ ಚಪ್ಪಾಳೆ ತಟ್ಟುತ್ತಿರುವಾಗ ಗಿರಿಧರ ಎರಡನೇ ಸಾಲಿನಲ್ಲಿ ಕೂತು ತಾನೂ ತಟ್ಟುತ್ತಿದ್ದ. ತಟ್ಟದಿದ್ದರೆ ಪಕ್ಕದವರು ಏನೆಂದುಕೊಂಡಾರು. ಪರದೆಯ ಮೇಲೆ ಕಪ್ಪು ಕೋಟಿನ ಬೆನ್ನೊಂದು ಕೆರೆ ಏರಿಯ ಮೇಲೆ ದೂರ ದೂರ ಹೋಗುತ್ತಿತ್ತು. ಪಕ್ಕದಲ್ಲಿದ್ದ ಅವನ ಹೆಂಡತಿ ಆರತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಬೆನ್ನಲ್ಲೂ ಅಭಿನಯ ಮಾಡ್ತಿದ್ದ ಮನುಷ್ಯ,” ಎಂದಳು.

ಹೊಳೆನರಸೀಪುರದ ಆ ಸಭಾಭವನದಲ್ಲಿ ನಡೆಯುತ್ತಿದ್ದುದು ನಟ ಚಲುವನಾರಾಯಣನ ಶ್ರದ್ಧಾಂಜಲಿ. ಇದೇ ಊರಿನವನು. ಪತ್ತೇದಾರ ನಂಜುಂಡನಾಗಿ ಒಂದೇ ಒಂದು ಮಳೆಗಾಲ ಟೀವಿಯಲ್ಲಿ ಮಿಂಚಿ, ಆಮೇಲೆ ಯಾರ ಕೈಗೂ ಸಿಗದೆ, ಯಾರನ್ನೂ ಸಹಿಸದೆ, ಹೋದ ತಿಂಗಳು ತೀರಿಕೊಂಡಿದ್ದ. ಬದುಕಿದ್ದಾಗ ಅವನ ಹೆಸರೆತ್ತಿದರೆ ಉರಿದುಬೀಳುತ್ತಿದ್ದವರೆಲ್ಲ ಇಂದು ಮೈಕು ಹಿಡಿದು ಗದ್ಗದರಾಗುತ್ತಿದ್ದರು. ಅವನಿಂದ ಮುಖಕ್ಕೆ ಕಾಫಿ ಎರಚಿಸಿಕೊಂಡಿದ್ದ ಮೇಕಪ್ಪಿನವನೂ ‘ಮಗುವಿನಂಥ ಮನಸ್ಸು’ ಎಂದ. ಸತ್ತ ಎಮ್ಮೆಗೆ ಹಾಲು ಹೆಚ್ಚು.

ನಟ ದೊಡ್ಡವನೇ. ಅದನ್ನು ಗಿರಿಧರ ಯಾವತ್ತೂ ಅಲ್ಲಗಳೆದವನಲ್ಲ. ಹೊಸ್ತಿಲ ಬಳಿ ಬಿದ್ದ ಚಪ್ಪಲಿಯನ್ನು ಅವನು ಸುಮ್ಮನೆ ನೋಡಿದರೆ ಸಾಕು, ಒಳಗೆ ಹೆಣವಿದೆ ಎಂದು ನೋಡುವವರಿಗೆ ಅನಿಸುತ್ತಿತ್ತು.

ಜಗಳ ಬಂದದ್ದು ಕೊನೆಯ ಕಂತಿನಲ್ಲಿ. ಸ್ಕ್ರಿಪ್ಟಿನ ಪ್ರಕಾರ ಕೊಲೆ ಮಾಡಿದವಳು ಅಡಿಗೆಯವಳು. “ಇವಳು ಕೊಂದಿಲ್ಲ. ನಾನು ಹಿಡಿಯೋದಿಲ್ಲ,” ಎಂದು ಚಲುವನಾರಾಯಣ ಕೋಟು ಬಿಚ್ಚಿ ಎಸೆದು ಬಸ್ಸು ಹತ್ತಿದ. ಕೋಟು ಉಳಿಯಿತು. ಹಾಸನದ ದಾರಿಯ ಆ ಕೆರೆಯ ಹತ್ತಿರ ಶೂಟಿಂಗ್ ನೋಡುತ್ತ ನಿಂತಿದ್ದ ಇತಿಹಾಸದ ಲೆಕ್ಚರರ್ ಗಿರಿಧರನಿಗೆ ಅದು ಹೊಲಿಸಿದ ಹಾಗೆ ಕೂತಿತು; ಅವನನ್ನೇ ಏರಿಯ ಮೇಲೆ ನಡೆಸಿ ಹಿಂದಿನಿಂದ ಚಿತ್ರ ತೆಗೆದರು. ಬರೀ ಬೆನ್ನು ಕೊಲೆಗಾರನ ಹೆಸರು ಹೇಳುವುದು ಹೇಗೆ? ಹೇಳದೆ ನಡೆದುಹೋಯಿತು. ಪತ್ರಿಕೆಯವರು ಆ ಮೌನವನ್ನು ಹಾಡಿ ಹೊಗಳಿದರು. ಧಾರಾವಾಹಿ ಮಾತ್ರ ಅಲ್ಲಿಗೇ ನಿಂತಿತು.

ಯಾರಿಗೂ ಹೇಳಕೂಡದೆಂದು ನಿರ್ಮಾಪಕ ನಟರಾಜು ಆಣೆ ಹಾಕಿಸಿಕೊಂಡಿದ್ದ. ಗಿರಿಧರ ಹೆಂಡತಿಗೂ ಹೇಳಲಿಲ್ಲ. ಆಣೆಗೆ ಹೆದರಿ ಅಲ್ಲ, ಅವಳೇ ಗುರುತಿಸಲಿ ಎಂದು. ಒಂದೇ ಮಂಚದಲ್ಲಿ ಮಲಗಿ ಏಳುವವಳು, ದೀಪಾವಳಿಗೆ ಬೆನ್ನಿಗೆ ಎಣ್ಣೆ ತಿಕ್ಕುವವಳು. ಗುರುತಿಸುತ್ತಾಳೆ ಎಂದು ವರ್ಷಗಟ್ಟಲೆ ಕಾದ. ಅದು ಎಂಥ ಸಣ್ಣ ಆಸೆ ಎಂದು ಅವನಿಗೇ ನಾಚಿಕೆ. ಆದರೂ ಬಿಡಲಿಲ್ಲ.

ಸಭೆ ಮುಗಿದ ಮೇಲೆ ಅವನು ನಟರಾಜುವನ್ನು ತಿಂಡಿ ಕೊಡುತ್ತಿದ್ದ ಕೋಣೆಯ ಬಾಗಿಲಲ್ಲಿ ಹಿಡಿದ.

“ನನ್ನ ಹೆಂಡತಿ ಬಂದಿದ್ದಾಳೆ. ಅವಳೊಬ್ಬಳಿಗೆ ಹೇಳಿ, ಅದು ನಾನು ಅಂತ.”

“ಯಾವುದು ಸಾ?”

“ಲಾಸ್ಟ್ ಎಪಿಸೋಡು.”

ನಟರಾಜು ಅತ್ತಿತ್ತ ನೋಡಿದ. “ಸತ್ತೋರ ಬೆನ್ನು ಸತ್ತೋರ್ಗೇ ಬುಟ್ಬುಡಿ ಸಾ. ಅವ್ರ ತಾಯಿ ಶ್ರೀರಂಗಮ್ಮೋರು ಅಲ್ಲೇ ಕುಂತವ್ರೆ. ಕೇಳುಸ್ಕಂಡ್ರೆ ಏನ್ ಚೆಂದ?”

“ಆದರೆ ನಿಜ ಅಲ್ಲವಾ?”

“ನಿಜ ಕಟ್ಕಂಡು ಏನಾಗ್ಬೇಕು ಸಾ ಈಗ. ಇಡ್ಲಿ ಬಿಸಿಯಾಗೈತೆ, ತಿನ್ಕಂಡ್ ಓಗಿ.”

ಗಿರಿಧರ ತಿನ್ನಲಿಲ್ಲ.

ಕಾರು ಹಾಸನದ ರಸ್ತೆಗೆ ಬಂತು. ಆರತಿ ಕಿಟಕಿಯ ಕಡೆ ನೋಡಿಕೊಂಡೇ ಶುರುಮಾಡಿದಳು.

“ಒಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.”

“ಏನು?”

“ಆ ಸೀರಿಯಲ್ ಬಂದಾಗಿನಿಂದ ನೀವು ಅವನ ಥರ ನಡೀತೀರ. ಎಡಭುಜ ಒಂಚೂರು ಇಳಿಸ್ಕೊಂಡು. ಮನೇಲಾದರೆ ಸರಿ. ಇವತ್ತು ಅವನ ಫೋಟೋಗೆ ಹೂವು ಹಾಕೋಕೆ ಹೋದಾಗಲೂ ಹಾಗೇ ನಡೆದ್ರಿ. ನನಗೆ ತಲೆ ಎತ್ತೋಕಾಗಲಿಲ್ಲ.”

ಸ್ವಲ್ಪ ದೂರದಲ್ಲಿ ಆ ಕೆರೆ ಬಂತು. ಗಿರಿಧರ ಕಾರು ನಿಲ್ಲಿಸಿದ.

“ಅದು ನಾನೇ ಆರತಿ.”

“ಯಾವುದು?”

“ಆ ಬೆನ್ನು. ಅವನು ಬಿಟ್ಟುಹೋಗಿದ್ದ. ಕೋಟು ಹಾಕ್ಕೊಂಡು ಇಲ್ಲಿ ನಡೆದವನು ನಾನು.”

ಅವಳು ಅವನ ಮುಖವನ್ನೇ ನೋಡಿದಳು. ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಮಕ್ಕಳು ಸುಳ್ಳು ಹೇಳಿದಾಗ ಬೈಯದೆ ಸುಮ್ಮನಾಗುವ ಟೀಚರಮ್ಮನ ಮರುಕ ಅವಳ ಕಣ್ಣಲ್ಲಿತ್ತು. ಅವಳ ಕೆಲಸವೂ ಅದೇ.

“ಮನೆಗೆ ಹೋಗೋಣ ರೀ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀವು.”

“ನಡೆದು ತೋರಿಸ್ತೀನಿ.”

“ಜನ ನೋಡ್ತಾರೆ.”

“ನೀನು ನೋಡು.”

ಇಳಿದು ಏರಿ ಹತ್ತಿದ. ನಡೆಯತೊಡಗಿದ. ಎಡಭುಜ ತಾನಾಗಿ ಇಳಿಯಿತೋ, ತಾನೇ ಇಳಿಸಿದನೋ ತಿಳಿಯಲಿಲ್ಲ. ಅಂದು ನಿರ್ದೇಶಕ ‘ಅವರ ಹಾಗೇ ನಡೀರಿ ಸಾರ್’ ಎಂದಿದ್ದ. ಅದಕ್ಕೆ ಮುಂಚೆ ತಾನು ಹೇಗೆ ನಡೆಯುತ್ತಿದ್ದೆ? ಮದುವೆಯ ದಿನ, ಕಾಲೇಜಿಗೆ ಸೇರಿದ ದಿನ, ಹೇಗೆ? ಎಷ್ಟು ಕೆದಕಿದರೂ ನೆನಪಾಗಲಿಲ್ಲ.

ಹಿಂದೆ ಕಾರಿನ ಬಾಗಿಲಿನ ಸದ್ದಾಯಿತು. ಅವಳು ಇಳಿದಳೋ, ಇಳಿದಿದ್ದವಳು ಒಳಗೆ ಕೂತಳೋ. ನೋಡುತ್ತಿದ್ದಾಳೆಯೇ ಎಂದು ತಿಳಿಯಬೇಕಾದರೆ ತಿರುಗಬೇಕು. ತಿರುಗಿದರೆ ಮುಖ ಕಾಣುತ್ತದೆ. ಅವಳಿಗೆ ಗೊತ್ತಿರುವ ಮುಖ.

ಎದುರಿನಿಂದ ದನ ಹೊಡೆದುಕೊಂಡು ಬರುತ್ತಿದ್ದ ಮುದುಕನೊಬ್ಬ ಅವನನ್ನು ಕಂಡು ನಿಂತ.

“ಏನ್ ಸಾ, ಏನಾರ ಕಳ್ಕಂಡ್ರಾ?”

“ಇಲ್ಲ.”

“ಮುಂದ್ಕೆ ಏರಿ ಕುಸ್ದೋಗೈತೆ ಸಾ. ದಾರಿ ಇಲ್ಲ. ಇಂದ್ಕೆ ತಿರೀಕಳಿ.”

ಗಿರಿಧರ ತಲೆಯಾಡಿಸಿ ಮುಂದೆ ನಡೆದ. ದನಗಳು ಅವನ ಎರಡೂ ಪಕ್ಕಕ್ಕೆ ಸರಿದು ಹೋದವು. ಏರಿ ಕುಸಿದ ಜಾಗಕ್ಕೆ ಬಂದಾಗ ಕಾಲ ಕೆಳಗೆ ಹಸಿಮಣ್ಣು ಒಂದೊಂದೇ ಹೆಂಟೆಯಾಗಿ ನೀರಿಗೆ ಉದುರುತ್ತಿತ್ತು. ಅವನು ಎಡಭುಜವನ್ನು ಇನ್ನೊಂದಿಷ್ಟು ಇಳಿಸಿ, ರಸ್ತೆಗೆ ಬೆನ್ನು ಕೊಟ್ಟು, ನಿಂತೇ ಇದ್ದ.