ನಾಲ್ಕು ಮಡಿಕೆಯ ಪೊಟ್ಟಣ

ಗಂಗುಲಪ್ಪ ಹರಳೆಣ್ಣೆಯ ಬಟ್ಟಲಿಗೆ ಬೆರಳದ್ದಿ, ಸಮಾಧಾನಪ್ಪನವರ ಬಲಗೈ ಬೆರಳುಗಳನ್ನು ಒಂದೊಂದಾಗಿ ನೀವಿ ನೆಟ್ಟಗೆ ಮಾಡಲು ನೋಡುತ್ತಿದ್ದ. ಉಳಿದವು ಮಾತು ಕೇಳಿದವು. ಹೆಬ್ಬೆರಳೂ ತೋರುಬೆರಳೂ ಮಾತ್ರ ಏನನ್ನೋ ಹಿಡಿದುಕೊಂಡ ಹಾಗೆ ಒಂದಕ್ಕೊಂದು ತಾಗಿಯೇ ನಿಂತಿದ್ದವು. ಮಂಚದ ಆಚೆ ಬದಿಯಲ್ಲಿ ಮಗಳು ಕೃಪಾವತಿ ಅಪ್ಪನ ಬಿಳಿ ಅಂಗಿಗೆ ಗುಂಡಿ ಹಾಕುತ್ತಿದ್ದಳು.

"ಮೆತ್ತಗೆ ಗಂಗುಲಪ್ಪಣ್ಣ, ನೋಯುತ್ತೆ" ಅಂದಳು. ಅಂದ ಮೇಲೆ ತಾನೇ ತಲೆ ತಗ್ಗಿಸಿದಳು.

"ಇನ್ನೆಲ್ಲಿ ನೋವು ತಲ್ಲಿ. ಮೂವತ್ತೊಂದು ವರ್ಷ ಪೊಟ್ಟಣ ಮಡಿಸಿದ ಕೈ ಕಣಮ್ಮ ಇದು. ಇನ್ನೂ ಮಡಿಸ್ತಾನೇ ಐತೆ ನೋಡು."

ಗಂಗುಲಪ್ಪ ಗೌನಿಪಲ್ಲಿಯವನು. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಸಮಾಧಾನಪ್ಪನವರ ಜೊತೆ ಅಷ್ಟೂ ವರ್ಷ ಮೂಟೆ ಹೊತ್ತವನು. ಕೊನೆಗೆ ಸೋತು, ಆ ಎರಡು ಬೆರಳುಗಳ ನಡುವೆಯೇ ಸತ್ಯವೇದದ ಅಂಚನ್ನು ಸಿಕ್ಕಿಸಿ ಎದೆಯ ಮೇಲೆ ಇಟ್ಟ. ಪುಸ್ತಕ ಸರಿಯಾಗಿ ನಿಂತಿತು.

ಬಾಗಿಲಲ್ಲಿ ಚರ್ಚಿನ ಪಾದ್ರಿ, ಸಭೆಯ ಅಯ್ಯನವರು ಕಾಣಿಸಿಕೊಂಡರು. "ಹನ್ನೊಂದಕ್ಕೆ ಆರಾಧನೆ ಕೃಪಾ. ಜೀವನ ಚರಿತ್ರೆ ಬರೆದು ಆಯ್ತಾ? ಒಂದು ಪುಟ ಇದ್ರೆ ಸಾಕು. ಹುಟ್ಟು, ದೀಕ್ಷಾಸ್ನಾನ, ಮದುವೆ, ಉದ್ಯೋಗ. ನೀನೇ ಓದಬೇಕು, ಬೇರೆ ಮಕ್ಕಳಿಲ್ವಲ್ಲ."

"ಆಗಿದೆ ಅಯ್ಯನವರೇ."

ಆಗಿತ್ತು. ಹಾಳೆ ಅವಳ ಸೀರೆಯ ಸೊಂಟದಲ್ಲೇ ಇತ್ತು. ಮೇಲಿನದೆಲ್ಲ ಅವಳ ಅಕ್ಷರ. ಕೆಳಗಿನ ನಾಲ್ಕು ಸಾಲು ಮಾತ್ರ ಅಪ್ಪನದು.

ಅಯ್ಯನವರು ಹೋಗುವುದನ್ನೇ ಕಾದಿದ್ದವನಂತೆ ಗಂಡ ಚಂದ್ರಮೋಹನ್ ಅವಳನ್ನು ಹಿತ್ತಲಿಗೆ ಕರೆದ. ಅಪ್ಪ ಕೈಲಾಗದೆ ಮನೆಯಲ್ಲಿ ಕೂತ ಮೇಲೆ ಮಂಡಿಯಲ್ಲಿ ಅವರ ಜಾಗಕ್ಕೆ ಹೋಗಿದ್ದವನು ಅವನೇ.

"ಆ ನಾಲ್ಕು ಸಾಲು ಓದ್ಬೇಡ ಕಣೇ."

"ಅಪ್ಪನಿಗೆ ಮಾತು ಕೊಟ್ಟಿದೀನಿ ರೀ."

"ಕೊಟ್ಟಿದೀಯ, ನಿಜ. ಆದ್ರೆ ಮಂಡಿ ಸಾಹುಕಾರ್ರು ಮುಂದಿನ ಬೆಂಚಲ್ಲೇ ಕೂತಿರ್ತಾರೆ. ಆಸ್ಪತ್ರೆಗೆ ಕಾರು ಕಳಿಸಿದವರು ಅವರು. ಶವಪೆಟ್ಟಿಗೆ ತರಿಸಿದವರು ಅವರು. ಅವರ ಮುಖದ ಎದುರಿಗೆ ಓದ್ತೀಯಾ? ನಾಳೆ ನಾನೆಲ್ಲಿ ಹೋಗ್ಲಿ? ನರಸಾಪುರದ ಕಂಪನಿಗಳಲ್ಲಿ ನಲವತ್ತು ದಾಟಿದವನನ್ನ ಗೇಟಲ್ಲೇ ವಾಪಸ್ ಕಳಿಸ್ತಾರೆ."

ಅವಳು ಹಿತ್ತಲಿನ ಮಾವಿನ ಮರದ ಕಡೆ ನೋಡಿದಳು. ಅವನು ಸುಳ್ಳು ಹೇಳುತ್ತಿರಲಿಲ್ಲ.

*

ಮಂಡಿಯಲ್ಲಿ ಅದನ್ನು ಕಾರ್ಬೈಡ್ ಎಂದು ಯಾರೂ ಕರೆಯುತ್ತಿರಲಿಲ್ಲ. ಔಷಧಿ ಎನ್ನುತ್ತಿದ್ದರು. ಬೂದುಬಣ್ಣದ ಕಲ್ಲಿನ ಚೂರು. ಹಳೆಯ ಪತ್ರಿಕೆಯ ಕಾಗದದಲ್ಲಿ ಸುತ್ತಿ, ಹಸಿ ಮಾವಿನಕಾಯಿಯ ಕ್ರೇಟಿನಲ್ಲಿ ನಡುನಡುವೆ ಇಟ್ಟು ಮುಚ್ಚಿದರೆ ಎರಡೇ ದಿನಕ್ಕೆ ಕಾಯೆಲ್ಲ ಒಂದೇ ಸಮ ಹಳದಿಯಾಗುತ್ತಿತ್ತು. ಪೊಟ್ಟಣ ಕಟ್ಟುವುದು ಸಮಾಧಾನಪ್ಪನವರ ಕೆಲಸ. ಅವರ ಮಡಿಕೆಯೇ ಬೇರೆ. ನಾಲ್ಕು ಮೂಲೆಯನ್ನೂ ಒಳಕ್ಕೆ ತಂದು, ಕೊನೆಯದನ್ನು ಮೊದಲನೆಯದರ ಹೊಟ್ಟೆಗೆ ಸಿಕ್ಕಿಸುವುದು. ದಾರ ಬೇಡ. ಒಂದು ಚೂರೂ ಉದುರುತ್ತಿರಲಿಲ್ಲ. ಸಂಜೆ ಮನೆಗೆ ಬಂದರೆ ಕೈಯಲ್ಲಿ ಬೆಳ್ಳುಳ್ಳಿಯಂಥ ವಾಸನೆ, ಬೆರಳ ತುದಿಯಲ್ಲಿ ಸುಲಿದ ಚರ್ಮ. ಸೋಪು ಹಾಕಿ ಮೂರು ಸಲ ತೊಳೆಯದೆ ಮಗಳ ತಲೆ ಮುಟ್ಟುತ್ತಿರಲಿಲ್ಲ.

ಕೃಪಾಳಿಗೆ ಹತ್ತು ವರ್ಷವಾಗಿದ್ದ ಬೇಸಿಗೆ. ಚರ್ಚಿನ ಆವರಣದಲ್ಲಿ ರಜೆಯ ಬೈಬಲ್ ಶಾಲೆ ನಡೆದಿತ್ತು. ಕೊನೆಯ ದಿನ ಸಾಹುಕಾರ್ ಸುಬ್ಬರಾಯಪ್ಪ ಮಕ್ಕಳಿಗೆಂದು ಎರಡು ಬುಟ್ಟಿ ಹಣ್ಣು ಕಳಿಸಿದ್ದರು. ಬೇರೆ ಧರ್ಮದವರಾದರೂ ವರ್ಷವರ್ಷವೂ ಕಳಿಸುವವರು, ಒಳ್ಳೆಯ ಮನಸ್ಸಿನಿಂದಲೇ. ಬುಟ್ಟಿ ಹೊತ್ತು ತಂದವರು ಸಮಾಧಾನಪ್ಪ.

ಮಕ್ಕಳು ಸಾಲಾಗಿ ಕೂತಿದ್ದರು. ಕೃಪಾಳ ಪಕ್ಕದಲ್ಲಿ ಗೆಳತಿ ರಂಜಿತ. ಹಣ್ಣು ಹಂಚುತ್ತಾ ಬಂದ ಟೀಚರಮ್ಮ ಇವರ ಹತ್ತಿರ ಬಂದಾಗ ಕೃಪಾ ಕೈ ಚಾಚಿದಳು. ಗೋಡೆಗೆ ಒರಗಿ ನಿಂತಿದ್ದ ಅಪ್ಪನ ಕಣ್ಣು ಅವಳ ಮೇಲೆಯೇ ಇತ್ತು. ಅವರು ತಲೆಯನ್ನು ಒಂದಿಷ್ಟೇ ಇಷ್ಟು ಅಲ್ಲಾಡಿಸಿದರು. ಬೇಡ.

"ನಂಗೆ ಹೊಟ್ಟೆನೋವು ಟೀಚರ್" ಎಂದು ಕೃಪಾ ಕೈ ಹಿಂದೆ ತೆಗೆದುಕೊಂಡಳು.

"ಹಂಗಾದ್ರೆ ನಿನ್ನದೂ ನಂಗೆ ಕೊಡೇ" ಅಂದಳು ರಂಜಿತ. ಎರಡೂ ಹಣ್ಣು ತಿಂದಳು. ಮೊಣಕೈವರೆಗೆ ಇಳಿದ ರಸವನ್ನು ನೆಕ್ಕಿದಳು. ಕೃಪಾ ನೋಡುತ್ತಾ ಕೂತಿದ್ದಳು. ಅವಳಿಗೆ ಗೊತ್ತಿತ್ತು. ಹೇಳಲಿಲ್ಲ.

ಮಾರನೆಯ ದಿನ ರಂಜಿತಳ ಬಾಯೆಲ್ಲ ಹುಣ್ಣು. ಬಿಸಿಲಿನ ಉಷ್ಣ ಅಂದರು ಅವಳಮ್ಮ. ಒಂದು ವಾರದಲ್ಲಿ ವಾಸಿಯಾಯಿತು. ಬೇರೆ ಯಾರಿಗೂ ಏನೂ ಆಗಲಿಲ್ಲ. ಆದರೆ ಆ ವರ್ಷದಿಂದ ಸಮಾಧಾನಪ್ಪ ಪವಿತ್ರ ರೊಟ್ಟಿ ಹಂಚುವ ಕರ್ತನ ಭೋಜನದ ಭಾನುವಾರಗಳಲ್ಲಿ ಹಿಂದಿನ ಬೆಂಚಿಗೆ ಹೋಗಿ ಕೂತರು. ರೊಟ್ಟಿಗೆ ಕೈ ಒಡ್ಡಲು ಮುಂದೆ ಬರಲಿಲ್ಲ.

*

ಚರ್ಚಿನ ಅಂಗಳದಲ್ಲಿ ಬೇವಿನ ಮರದ ನೆರಳಿಗೆ ಹೆಂಗಸರು ಕೂತಿದ್ದರು. ಎದುರು ಮನೆಯ ಅಕ್ಕಯಮ್ಮ ಮೂಗು ಒರೆಸಿಕೊಳ್ಳುತ್ತಾ ಹೇಳುತ್ತಿದ್ದಳು.

"ಏನೇ ಅನ್ನು, ಉಪ್ಪಿನಕಾಯಿ ಸಮಾಧಾನಪ್ಪನಂಥ ಮನುಷ್ಯ ಇರಲಿಲ್ಲ."

"ಅದ್ಯಾಕೆ ಆ ಹೆಸರು?" ಎಂದು ಕೇಳಿದಳು ರಂಜಿತ. ಮುಳಬಾಗಿಲಿಗೆ ಮದುವೆಯಾಗಿ ಹೋದವಳು ಬೆಳಿಗ್ಗೆ ಮಗಳೊಂದಿಗೆ ಬಸ್ಸಿಳಿದಿದ್ದಳು.

"ನಿಂಗೊತ್ತಿಲ್ವಾ? ಮಾವಿನ ಕಾಲದಲ್ಲಿ ನಿಮ್ಮ ಚರ್ಚಲ್ಲಿ ಪ್ರಥಮ ಫಲ ತಂದಿಟ್ಟು ಹರಾಜು ಹಾಕ್ತಾರಲ್ಲ. ಎಲ್ರೂ ಘಮಘಮ ಅನ್ನೋ ಹಣ್ಣು ತಂದ್ರೆ, ಮಂಡೀಲಿರೋ ಈ ಮಹಾರಾಯ ಹಿತ್ತಲ ಮರದ್ದು ಒಂದು ಬುಟ್ಟಿ ಹಸೀ ಕಾಯಿ ತಂದಿಡೋನು. ಕಲ್ಲಿನಂಥ ಕಾಯಿ. ಕೂಗೋರು ಯಾರು? ಉಪ್ಪಿನಕಾಯಿಗೆ ಅಂತ ಕೊನೆಗೆ ನಾನೇ ಹೋಗಿ ಕೊಂಡ್ಕೊಂಡು ಬರ್ತಿದ್ದೆ."

"ಕೇಳಿದ್ರೆ ಏನನ್ನೋರು?"

"ಹುಲ್ಲಲ್ಲಿ ಇಡಮ್ಮ, ಹನ್ನೆರಡು ದಿನ ಕಾದ್ರೆ ತಾನಾಗಿ ಹಣ್ಣಾಗುತ್ತೆ ಅನ್ನೋನು. ಯಾರಿಗಿದೆಯಮ್ಮ ಅಷ್ಟು ಪುರುಸೊತ್ತು?"

ಹೆಂಗಸರು ಸಾವಿನ ಅಂಗಳ ಎಂಬುದನ್ನು ಮರೆತು ನಕ್ಕರು. ಬಾಗಿಲ ಹತ್ತಿರ ನಿಂತಿದ್ದ ಕೃಪಾಳಿಗೆ ಎಲ್ಲ ಕೇಳಿಸುತ್ತಿತ್ತು. ಸೊಂಟದಲ್ಲಿದ್ದ ಹಾಳೆ ಬೆವರಿಗೆ ಒದ್ದೆಯಾಗುತ್ತಿತ್ತು.

*

ಕೋಲಾರದ ಆಸ್ಪತ್ರೆಯಲ್ಲಿ, ಹದಿನೈದು ದಿನದ ಕೆಳಗೆ, ಅಪ್ಪ ಬರೆಯುವ ರಟ್ಟನ್ನು ಕೇಳಿದ್ದರು.

"ಜೀವನ ಚರಿತ್ರೆ ಓದ್ತಾರಲ್ಲ ಮಗಾ, ಮಂಡಿಯಲ್ಲಿ ಕೆಲಸ ಅಂತ ಬರೆದು ಬಿಟ್ಬಿಡ್ಬೇಡ. ಏನು ಕೆಲಸ ಅಂತ ಹೇಳು."

"ಯಾಕಪ್ಪಾ ಈಗ? ನೀವೇನು ಸಾಹುಕಾರ್ರಾ? ಕೂಲಿಗೆ ಹೋದವರು."

"ಹಳೇ ಅಯ್ಯನವರಿಗೆ ಹೇಳ್ಕೊಂಡಾಗ ಅವರೂ ಇದೇ ಅಂದ್ರು. ನೀನು ಕೂಲಿಯವನು ಸಮಾಧಾನಪ್ಪ, ಪಾಪ ಸಾಹುಕಾರನದು ಅಂದ್ರು. ಸಾಹುಕಾರ್ರಿಗೆ ಹೇಳ್ದೆ. ಬೆಂಗಳೂರಿನವರು ಹಳದಿ ಹಣ್ಣೇ ಕೇಳ್ತಾರೆ, ನಾನೇನು ಮಾಡ್ಲಿ ಅಂದ್ರು. ಎಲ್ರೂ ನಿನ್ನ ತಪ್ಪಲ್ಲ ಅಂತ ನನ್ನನ್ನ ಬಿಟ್ಟುಬಿಟ್ರು ಮಗಾ. ಹಿಡ್ಕೊಳ್ಳೋರೇ ಇಲ್ಲ."

ಆಮೇಲೆ ರಟ್ಟು ಎಳೆದುಕೊಂಡು, ಮೇಲೆ ಅವಳಿಗೆ ಜಾಗ ಬಿಟ್ಟು, ಹಾಳೆಯ ಕೆಳಗೆ ತಾವೇ ಬರೆದರು. ಪೆನ್ನು ಹಿಡಿಯಲು ಬಾರದ ಆ ಎರಡು ಬೆರಳುಗಳಲ್ಲಿ ನಾಲ್ಕು ಸಾಲಿಗೆ ಅರ್ಧ ಗಂಟೆ ಹಿಡಿಯಿತು.

*ಮೂವತ್ತೊಂದು ವರ್ಷ ಮಾವಿನ ಕಾಯಿಗೆ ಕಾರ್ಬೈಡ್ ಇಟ್ಟೆ. ಕೆಟ್ಟದ್ದು ಎಂದು ಗೊತ್ತಿತ್ತು.*

*ನನ್ನ ಮಗುವಿಗೆ ತಿನ್ನಲು ಬಿಡಲಿಲ್ಲ.*

*ನಿಮ್ಮ ಮಕ್ಕಳಿಗೆ ತಂದುಕೊಟ್ಟೆ.*

*ದೇವರ ಹತ್ತಿರ ಕ್ಷಮೆ ಕೇಳಿದ್ದೇನೆ, ನಿಮ್ಮ ಹತ್ತಿರ ಕೇಳಿರಲಿಲ್ಲ.*

"ಓದ್ತೀಯಾ?"

"ಓದ್ತೀನಿ" ಅಂದಿದ್ದಳು.

*

ಅವಳು ಪೆಟ್ಟಿಗೆಯ ತಲೆಯ ಬದಿಯಲ್ಲಿ ನಿಂತು ಓದಿದಳು. ಬೈರಕೂರಿನಲ್ಲಿ ಹುಟ್ಟಿದ್ದು, ದೀಕ್ಷಾಸ್ನಾನವಾದದ್ದು, ಅಮ್ಮನ ಕೈಹಿಡಿದದ್ದು. ಮುಂದಿನ ಬೆಂಚಿನಲ್ಲಿ ಸುಬ್ಬರಾಯಪ್ಪ ಟವೆಲನ್ನು ಬಾಯಿಗೆ ಒತ್ತಿಕೊಂಡು ನಿಜವಾಗಿ ಅಳುತ್ತಿದ್ದರು. ಅವರ ಪಕ್ಕದಲ್ಲಿ ಚಂದ್ರಮೋಹನ್ ನೆಲ ನೋಡುತ್ತಿದ್ದ.

"ಶ್ರೀನಿವಾಸಪುರದ ಹಣ್ಣಿನ ಮಂಡಿಯಲ್ಲಿ ಮೂವತ್ತೊಂದು ವರ್ಷ ನಿಷ್ಠೆಯಿಂದ ದುಡಿದರು."

ಕೆಳಗೆ ಅಪ್ಪನ ಅಕ್ಷರ. ಅವಳು ಉಸಿರೆಳೆದುಕೊಂಡಳು. ಸುಬ್ಬರಾಯಪ್ಪನವರ ಒದ್ದೆ ಕಣ್ಣು ಅವಳನ್ನೇ ನೋಡುತ್ತಿತ್ತು.

"ಮಗಳು, ಅಳಿಯ, ಮೊಮ್ಮಗಳು ಶರೋನಳನ್ನು ಅಗಲಿದ್ದಾರೆ. ದೇವರಿಗೆ ಸ್ತೋತ್ರ."

"ಆಮೆನ್" ಅಂದಿತು ಸಭೆ. ಚಂದ್ರಮೋಹನ್ ತಲೆಯೆತ್ತಿ ದೀರ್ಘವಾಗಿ ಉಸಿರುಬಿಟ್ಟ. ಅವಳು ಹಾಳೆಯನ್ನು ಮಡಿಸುತ್ತಾ ತನ್ನ ಜಾಗಕ್ಕೆ ಬಂದಳು. ಸ್ಮಶಾನದವರೆಗೂ, ಮೂರು ಹಿಡಿ ಮಣ್ಣು ಹಾಕುವಾಗಲೂ, ಅದು ಎಡಗೈ ಮುಷ್ಟಿಯಲ್ಲೇ ಇತ್ತು. ಮಣ್ಣು ಪೆಟ್ಟಿಗೆಯ ಮೇಲೆ ಬಿದ್ದ ಸದ್ದಿಗೆ ಗಂಗುಲಪ್ಪ, "ಹೋಗಿ ಬಾರಪ್ಪಾ" ಅಂದ.

ವಾಪಸ್ ಬಂದಾಗ ಬೇವಿನ ಮರದ ಕೆಳಗೆ ಚಹದ ಜೊತೆ ಮಾವಿನ ಹಣ್ಣಿನ ನಾಲ್ಕು ಕ್ರೇಟುಗಳು ಬಂದು ಕೂತಿದ್ದವು.

"ಅವನು ಕೈಯಾರೆ ಎಷ್ಟು ಲಕ್ಷ ಹಣ್ಣು ಮಾಡಿದ್ನೋ" ಎಂದರು ಸುಬ್ಬರಾಯಪ್ಪ. "ಅವನ ಹೆಸರಲ್ಲಿ ಎಲ್ರೂ ಒಂದೊಂದು ತಿಂದು ಹೋಗ್ಲಿ. ಲೇ ಗಂಗುಲಪ್ಪ, ಮೊದ್ಲು ಮಕ್ಕಳಿಗೆ ಕೊಡೋ."

ಕೃಪಾ ಗಂಡನನ್ನು ನೋಡಿದಳು.

"ಮೊನ್ನೆ ನಾನೇ ಔಷಧಿ ಇಟ್ಟು ಕಟ್ಟಿದ್ದು" ಅಂದ ಅವನು, ಅವಳಿಗೆ ಮಾತ್ರ ಕೇಳುವ ಹಾಗೆ. "ನಂಗೇನ್ ಗೊತ್ತಿತ್ತು, ಇಲ್ಲಿಗೇ ಬರುತ್ತೆ ಅಂತ."

ಮಕ್ಕಳು ಆಗಲೇ ಸಾಲು ನಿಂತಿದ್ದವು. ಮುಂದೆ ಶರೋನ್, ಅವಳ ಹೆಗಲ ಮೇಲೆ ಕೈ ಹಾಕಿಕೊಂಡು ರಂಜಿತಳ ಮಗಳು. ಬೆಳಿಗ್ಗೆಯಷ್ಟೇ ಗೆಳತಿಯರಾಗಿದ್ದರು. ಗಂಗುಲಪ್ಪ ಹಣ್ಣು ಚಾಚಿದ. ಶರೋನ್ ಕೈಯೆತ್ತಿ, ಕೇಳುವ ಹಾಗೆ ಅಮ್ಮನ ಕಡೆ ತಿರುಗಿದಳು.

ಕೃಪಾಳ ತಲೆ ಒಂದಿಷ್ಟೇ ಇಷ್ಟು ಅಲ್ಲಾಡಿತು.

ಶರೋನ್ ಕೈ ಹಿಂದೆ ತೆಗೆದುಕೊಂಡಳು. ಆ ಹಣ್ಣು ಹಿಂದಿನ ಹುಡುಗಿಯ ಕೈಗೆ ಹೋಯಿತು.

ಕೃಪಾಳ ಕತ್ತಿನ ನರ ಇನ್ನೂ ಬಿಗಿದುಕೊಂಡೇ ಇತ್ತು, ತನ್ನದಲ್ಲವೆಂಬ ಹಾಗೆ. ಖಾಲಿಯಾಗುತ್ತಿದ್ದ ಕ್ರೇಟಿನ ತಳದಲ್ಲಿ, ತೆಗೆಯಲು ಮರೆತ ಒಂದು ಪೊಟ್ಟಣ ಕಾಣುತ್ತಿತ್ತು. ನಾಲ್ಕು ಮೂಲೆ ಒಳಕ್ಕೆ, ಕೊನೆಯದು ಮೊದಲನೆಯದರ ಹೊಟ್ಟೆಗೆ. ಅಪ್ಪ ಅಳಿಯನಿಗೆ ಕಲಿಸಿದ ಮಡಿಕೆ. ಅವಳು ತನ್ನ ಎಡಮುಷ್ಟಿಯನ್ನು ಬಿಚ್ಚಿದಳು. ಜೀವನ ಚರಿತ್ರೆಯ ಹಾಳೆ ಅಂಗೈಯಲ್ಲಿ ಅದೇ ಮಡಿಕೆಯಲ್ಲಿ ಕೂತಿತ್ತು. ಯಾವಾಗ ಮಡಿಸಿದಳೋ ಅವಳಿಗೇ ತಿಳಿಯದು.

ಅವಳು ನಡೆದುಹೋಗಿ ಹುಡುಗಿಯ ಬಾಯಿಯ ಹತ್ತಿರ ಬಂದಿದ್ದ ಹಣ್ಣನ್ನು ತೆಗೆದುಕೊಂಡಳು. "ಏನಾಯ್ತೇ?" ಅಂದಳು ರಂಜಿತ. ಕೃಪಾ ಇನ್ನೂ ತೆರೆಯದ ಕ್ರೇಟುಗಳನ್ನು ಒಂದರ ಮೇಲೊಂದು ಇಟ್ಟು, ಬಿಳಿ ಸೀರೆಯಲ್ಲಿ ಅವುಗಳ ಮೇಲೆ ಕೂತಳು.

"ಕೃಪಾ" ಎಂದ ಚಂದ್ರಮೋಹನ್, ಬೇಡುವ ಧ್ವನಿಯಲ್ಲಿ.

ಚಹದ ಲೋಟಗಳ ಸದ್ದು ನಿಂತಿತು. ಅವಳು ಹಣ್ಣನ್ನು ಮಡಿಲಲ್ಲಿಟ್ಟು, ಅಂಗೈಯಲ್ಲಿದ್ದ ಹಾಳೆಯ ಪೊಟ್ಟಣದ ಮೂಲೆಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ಬೆವರಿಗೆ ಒದ್ದೆಯಾಗಿ ಒಣಗಿದ ಕಾಗದ, ಕೈ ಬಿಟ್ಟರೆ ಮತ್ತೆ ಮಡಿಕೆಗೇ ಹೋಗುತ್ತಿತ್ತು. ಎರಡೂ ಕೈಯಲ್ಲಿ ಅಂಚು ಹಿಡಿದು, ಅಪ್ಪನ ನಾಲ್ಕು ಸಾಲು ಕಾಣುವವರೆಗೂ ಎಳೆದು ಹಿಡಿದಳು.